ಒಣ ಪೀಕದಾನಿ

ಗುಟ್ಟು ಹೊಟ್ಟೆಯಲ್ಲಿರಲಿ ಎಂದು ಹಿರಿಯರು ಹೇಳಿದ್ದಾರೆ. ಹೊಟ್ಟೆಯೇ ಬಾಯಿಬಿಟ್ಟರೆ ಏನು ಮಾಡಬೇಕೆಂದು ಮಾತ್ರ ಅವರು ಹೇಳಿ ಹೋಗಲಿಲ್ಲ.

ನಾಲಿಗೆಯಕ್ಕನ ಹೊಟ್ಟೆ ಎರಡು ವರ್ಷಗಳಿಂದ ಬಾಯಿಬಿಡುತ್ತಿತ್ತು. ಬೆಳಗಿನ ಹನ್ನೊಂದರ ಹೊತ್ತಿಗೆ ಎದೆಗೂಡಿನ ಕೆಳಗೆ ಯಾರೋ ಒಂದು ಕೆಂಡ ತಂದಿಟ್ಟ ಹಾಗಾಗುವುದು. ಊಟಕ್ಕೆ ಕೂತರೆ ಆ ಕೆಂಡವನ್ನು ಊದಿದ ಹಾಗೆ. ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿದರೆ ಸಾಕು, ಹುಳಿನೀರು ಗಂಟಲಿನವರೆಗೆ ಬಂದು, ಹಲ್ಲು ಜುಮ್ಮೆನ್ನಿಸಿ, ಬಂದ ದಾರಿಯಲ್ಲೇ ಹಿಂದಿರುಗುವುದು. ಬೇರೆಯವರಿಗಾಗಿದ್ದರೆ ಇದು ಬರಿಯ ಎದೆಯುರಿ. ಅವಳಿಗೆ ಇದು ಅನ್ನದ ಪ್ರಶ್ನೆ. ಯಾಕೆಂದರೆ ಅವಳು ದುಡಿಯುತ್ತಿದ್ದದ್ದು ಕೈಯಿಂದಲ್ಲ, ಕಾಲಿನಿಂದಲ್ಲ, ನಾಲಿಗೆಯಿಂದ.

ನಾಲಿಗೆಯಿಂದ ಎಂದರೆ ಮಾತಿನಿಂದ ಎಂದು ತಿಳಿಯಬೇಡಿ. ಮಾತು ಅವಳಲ್ಲಿ ಕಡಿಮೆಯೇ. ಅವಳು ಒಂದು ದೊಡ್ಡ ಚಹಾ ಮಂಡಿಯಲ್ಲಿ ರುಚಿ ನೋಡುವವಳು. ತೋಟಗಳಿಂದ ಚಹಾಪುಡಿಯ ಮಾದರಿಗಳು ಸಣ್ಣ ಸಣ್ಣ ಡಬ್ಬಿಗಳಲ್ಲಿ ಅಲ್ಲಿಗೆ ಬರುತ್ತವೆ. ರುಚಿಕೋಣೆಯ ಉದ್ದನೆಯ ಕಟ್ಟೆಯ ಮೇಲೆ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಬೆಳಕಿನಲ್ಲಿ, ಬಿಳಿ ಪಿಂಗಾಣಿ ಬಟ್ಟಲುಗಳು ಸಾಲಾಗಿ ನಿಲ್ಲುತ್ತವೆ. ಪುಡಿ ತೂಗಿ, ಕುದಿನೀರು ಹೊಯ್ದು, ಆರು ನಿಮಿಷ ಮುಚ್ಚಿಟ್ಟು ಬಸಿದ ಚಹಾ. ಹಾಲಿಲ್ಲ, ಸಕ್ಕರೆಯಿಲ್ಲ. ಅವಳು ಒಂದು ಚಮಚ ತೆಗೆದು ಇಡೀ ಕೋಣೆಗೆ ಕೇಳುವ ಹಾಗೆ ಸುರ್ ಎಂದು ಎಳೆದುಕೊಳ್ಳುತ್ತಾಳೆ. ಬಾಯೊಳಗೆ ಒಂದು ಸುತ್ತು ತಿರುಗಿಸುತ್ತಾಳೆ. ಪಕ್ಕದಲ್ಲಿ ಗಾಲಿಗಳ ಮೇಲೆ ನಿಂತ, ಸೊಂಟದೆತ್ತರದ ತಗಡಿನ ಪೀಕದಾನಿಯ ಕಡೆ ಬಗ್ಗಿ ಏಳುತ್ತಾಳೆ. ಆಮೇಲೆ ಒಂದೇ ಮಾತು. ಚುರುಕು, ಅಥವಾ ಮಂಕು, ಅಥವಾ ಒಲೆಯ ಕಾವು ಜಾಸ್ತಿಯಾಗಿದೆ. ಹಿಂದೆಯೇ ಬರುವ ಗುಮಾಸ್ತ ಅದನ್ನು ಬರೆದುಕೊಳ್ಳುತ್ತಾನೆ. ಮುಂದಿನ ಬಟ್ಟಲು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಚಹಾ ಬಾಯಿಗಿಟ್ಟು, ಇದರ ಮೂಟೆಯ ಪಕ್ಕದಲ್ಲಿ ಯಾರೋ ಸಾಬೂನು ಇಟ್ಟಿದ್ದರು ಎಂದಳಂತೆ. ವಿಚಾರಿಸಿದರೆ ಇಟ್ಟಿದ್ದು ನಿಜ. ಅಂದಿನಿಂದ ಅವಳು ಎಲ್ಲರಿಗೂ ನಾಲಿಗೆಯಕ್ಕ. ಮಂಡಿಯ ಯಜಮಾನರು, ಸ್ವತಃ ನಲವತ್ತು ವರ್ಷ ರುಚಿ ನೋಡಿದವರು, ಅವಳ ಮಾತಿನ ಮೇಲೆ ತಮ್ಮ ಮಾತು ಇಡುತ್ತಿರಲಿಲ್ಲ.

ಇನ್ನು ಅವಳ ಗುಟ್ಟು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಆ ಪೀಕದಾನಿಗೆ ಒಮ್ಮೆಯೂ ಉಗುಳಿರಲಿಲ್ಲ.

ಬಗ್ಗುತ್ತಿದ್ದಳು, ನಿಜ. ಎಲ್ಲ ರುಚಿಗಾರರಂತೆ ಬಗ್ಗಿ, ತಗಡಿನ ಬಾಯಿಗೆ ಮುಖ ಮರೆಮಾಡಿ, ಅಲ್ಲೇ ನುಂಗಿಬಿಡುತ್ತಿದ್ದಳು. ಇನ್ನೊಬ್ಬರು ಉಗುಳುವುದನ್ನು ಯಾರು ತಾನೇ ಕಣ್ಣಿಟ್ಟು ನೋಡುತ್ತಾರೆ? ಬಾಯಿಗೆ ಬಂದದ್ದು ದೇವರು ಕೊಟ್ಟದ್ದು, ಅದನ್ನು ಉಗುಳುವುದು ಕೊಟ್ಟ ಕೈಯನ್ನು ತಳ್ಳಿದ ಹಾಗೆ ಎಂಬುದು ಅವಳ ನಂಬಿಕೆ. ನಂಬಿಕೆಯೆಂದರೂ ಸಾಲದು, ವ್ರತ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ವ್ರತ ಹೋಗಿ ಜಂಬವಾಗುತ್ತದೆ ಎಂದುಕೊಂಡಿದ್ದಳು.

ಮೊದಮೊದಲು ದಿನಕ್ಕೆ ಎಂಬತ್ತು ಬಟ್ಟಲು. ಎಂಬತ್ತು ಚಮಚವನ್ನು ಯೌವನದ ಹೊಟ್ಟೆ ತಕರಾರಿಲ್ಲದೆ ಇಳಿಸಿಕೊಂಡಿತು. ಬರಬರುತ್ತಾ ಅದು ನೂರ ಇಪ್ಪತ್ತಾಯಿತು. ಎರಡು ವರ್ಷದ ಹಿಂದೆ ಅವಳ ಜೊತೆಗಾರ ನಿವೃತ್ತನಾದ, ಅವನ ಬಟ್ಟಲುಗಳೂ ಅವಳ ಕಟ್ಟೆಗೆ ಬಂದವು. ಈಗ ದಿನಕ್ಕೆ ಇನ್ನೂರ ನಲವತ್ತು. ಅದೂ ಖಾಲಿ ಹೊಟ್ಟೆಗೆ, ಏಕೆಂದರೆ ತಿಂದು ಬಂದ ನಾಲಿಗೆ ಸುಳ್ಳು ಹೇಳುತ್ತದೆ ಎಂದು ರುಚಿಗಾರರು ತಿಂಡಿ ತಿನ್ನುವುದಿಲ್ಲ. ಒಂದು ದೊಡ್ಡ ಚೊಂಬು ಕಡುಚಹಾ ದಿನವೂ ಬರಿಹೊಟ್ಟೆಗೆ ಇಳಿಯುತ್ತಿತ್ತು. ಇಷ್ಟಾದರೂ ಎದೆಯುರಿಯ ಮೂಲ ಅದೇ ಇರಬಹುದೆಂದು ಅವಳಿಗೆ ಹೊಳೆಯಲಿಲ್ಲ. ದೇವರ ಪ್ರಸಾದ ಹೊಟ್ಟೆ ಕೆಡಿಸಿತೆಂದು ಯಾರಿಗೆ ಹೊಳೆಯುತ್ತದೆ?

ಆಡು ಮುಟ್ಟದ ಸೊಪ್ಪಿಲ್ಲ, ಅವಳು ಮಾಡದ ಮದ್ದಿಲ್ಲ. ತಣ್ಣನೆಯ ಹಾಲು ಕುಡಿದಳು. ಎಡಮಗ್ಗುಲಲ್ಲಿ ಮಲಗಿದಳು. ಊಟ ಕಡಿಮೆ ಮಾಡಿದಳು. ಹುರಿದದ್ದು, ಕರಿದದ್ದು, ಹುಳಿ, ಖಾರ ಬಿಟ್ಟಳು. ನಾದಿನಿ ಊಟವಾದ ಮೇಲೆ ನೂರು ಹೆಜ್ಜೆ ನಡೆ ಎಂದಳು, ಅದೂ ಆಯಿತು. ಅವಳ ಗಂಡ ಸಿಟಿ ಬಸ್ಸಿನ ಡ್ರೈವರು, ಲೋಕದ ಎಲ್ಲ ತೊಂದರೆಗೂ ಏರು ಇಳಿಜಾರುಗಳೇ ಕಾರಣವೆಂದು ನಂಬಿದವನು. ಆಸಿಡ್ಡು ಮೇಲೆ ಬರುವುದಾದರೆ ಮಂಚವನ್ನೇ ಇಳಿಜಾರು ಮಾಡೋಣ ಎಂದು ತಲೆಯ ಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಕೊಟ್ಟ. ಬೆಳಗ್ಗೆ ನೋಡಿದರೆ ಗಂಡ ಹೆಂಡಿರಿಬ್ಬರೂ ಮಂಚದ ತುದಿಗೆ ಜಾರಿ, ಮಂಡಿ ಮಡಚಿಕೊಂಡು, ಗುಡ್ಡೆ ಬಿದ್ದಿದ್ದರು. ಅವನು ಮಾತ್ರ, ಹ್ಯಾಂಡ್‌ಬ್ರೇಕ್ ಹಾಕೋದು ಮರೆತೆ ಕಣೇ ಎಂದು ನಕ್ಕ. ಅವಳೂ ನಕ್ಕಳು. ನಕ್ಕಿದ್ದಕ್ಕೇ ಉರಿ ಮೇಲೆದ್ದು ಬಂತು.

ಕೊನೆಗೆ ಡಾಕ್ಟರ ಹತ್ತಿರ ಹೋದದ್ದಾಯಿತು. ಅವರು ತಾಳ್ಮೆಯ ಮನುಷ್ಯರು. ಸಿಗರೇಟು ಇದೆಯೇ, ನೋವಿನ ಮಾತ್ರೆ ನುಂಗುತ್ತೀರಾ, ತಡವಾಗಿ ಉಣ್ಣುತ್ತೀರಾ, ಮನಸ್ಸಿಗೆ ಚಿಂತೆಯೇ, ಎಲ್ಲ ಕೇಳಿದರು. ಟೀ ಕಾಫಿ ಎಷ್ಟು ಕುಡಿಯುತ್ತೀರಿ ಎಂದೂ ಕೇಳಿದರು. ಅವಳು ಸುಳ್ಳು ಹೇಳುವವಳಲ್ಲ. ಎದ್ದಾಗ ಒಂದು ಲೋಟ, ಸಂಜೆ ಒಂದು ಲೋಟ, ಒಟ್ಟು ಎರಡು ಎಂದಳು. ಮಂಡಿಯದನ್ನು ಅವಳು ಲೆಕ್ಕಕ್ಕೆ ಸೇರಿಸಲಿಲ್ಲ. ಅದು ಕುಡಿಯುವುದಲ್ಲವಲ್ಲ, ಕೆಲಸ. ಡಾಕ್ಟರು ತಿಂಗಳಿಗಾಗುವಷ್ಟು ಮಾತ್ರೆ ಬರೆದರು. ಮಾತ್ರೆ ಉರಿಯನ್ನು ಸ್ವಲ್ಪ ತಗ್ಗಿಸಿತು. ಮರುದಿನದ ಇನ್ನೂರ ನಲವತ್ತು ಚಮಚ ಅದನ್ನು ಮತ್ತೆ ಎಬ್ಬಿಸಿತು. ಒಲೆಗೆ ನೀರು ಹಾಕುವವನೂ ಸೌದೆ ಒಟ್ಟುವವನೂ ಒಬ್ಬನೇ ಆದರೆ ಬೆಂಕಿ ಆರುವುದೆಂತು?

ಹೀಗಿರುವಾಗ ನಡೆಯಬಾರದ್ದು ನಡೆಯಿತು. ಒಂದು ಒಳ್ಳೆಯ ತೋಟದ ಚಹಾಕ್ಕೆ ಅವಳು ಹುಳಿ ಎಂದಳು. ಗುಮಾಸ್ತ ಬರೆದುಕೊಂಡ. ಆ ಮಾದರಿ ತಿರಸ್ಕೃತವಾಗಿ ಹಿಂದಕ್ಕೆ ಹೋಯಿತು. ತೋಟದವರು ಸುಮ್ಮನೆ ಕೂರುವವರಲ್ಲ, ಅದನ್ನು ಮೂರು ಕಡೆ ತೋರಿಸಿದರು. ಮೂರೂ ಕಡೆಯವರು ಚಹಾ ನಿರ್ದೋಷಿ ಎಂದರು. ಹುಳಿ ಇದ್ದದ್ದು ಬಟ್ಟಲಲ್ಲಿ ಅಲ್ಲ, ಅವಳ ಗಂಟಲಲ್ಲಿ.

ಯಜಮಾನರು ಅವಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾಲಿಗೆಗೂ ಕಣ್ಣಿನ ಹಾಗೆ ವಯಸ್ಸಾಗುತ್ತದೆ, ನಾಚಿಕೆಯೇನಿಲ್ಲ, ಲೆಕ್ಕದ ಕೋಣೆಯಲ್ಲಿ ಒಂದು ಕುರ್ಚಿ ಇದೆ ಎಂದು ಮೆಲ್ಲಗೆ ಹೇಳಿದರು. ಇನ್ನು ಆರು ವಾರಕ್ಕೆ ಹೊಸ ಚಿಗುರಿನ ಚಹಾ ಬರುತ್ತದೆ. ಆ ದಿನ ಇಬ್ಬರೂ ಒಂದೇ ಸಾಲು ನೋಡೋಣ. ಇಬ್ಬರ ತೀರ್ಪೂ ಹೊಂದಿದರೆ ಕಟ್ಟೆ ನಿಮ್ಮದೇ, ಇಲ್ಲವಾದರೆ ಬೇರೆಯವರಿಗೆ ಕೊಡುವುದು ಅನಿವಾರ್ಯ. ಹಾಗೆಂದು, ಅವಳ ತಪ್ಪು ಎಲ್ಲಿದೆಯೆಂದು ತಿಳಿಯಲು ಮರುದಿನ ಒಂದು ಹಗಲು ಅವಳ ಕಟ್ಟೆಯಲ್ಲೇ ನಿಂತು, ಅವಳ ಚಮಚ, ಅವಳ ಪೀಕದಾನಿಯಿಂದಲೇ ರುಚಿ ನೋಡಿದರು. ಅವಳು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು, ಪರೀಕ್ಷೆಗೆ ಪಾಟಿ ಮರೆತು ಬಂದ ಮಗುವಿನ ಹಾಗೆ.

ಆ ಮಂಡಿಯಲ್ಲಿ ಬಟ್ಟಲು ತೊಳೆಯುವ ಒಬ್ಬ ಮುದುಕಿ ಇದ್ದಳು. ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ದಿನದ ಕೊನೆಗೆ ಪೀಕದಾನಿಗಳನ್ನು ಹಿತ್ತಲಿಗೆ ತಳ್ಳಿಕೊಂಡು ಹೋಗಿ ಖಾಲಿ ಮಾಡುವುದೂ ಅವಳ ಕೆಲಸ. ಯಜಮಾನರು ರುಚಿ ನೋಡಿದ ಮರುದಿನ ಮಧ್ಯಾಹ್ನ, ನಾಲಿಗೆಯಕ್ಕ ತೊಳೆಯುವ ಕೋಣೆಯ ಮೆಟ್ಟಿಲ ಮೇಲೆ ಎದೆ ಒತ್ತಿಕೊಂಡು ಕೂತಿದ್ದಳು. ದೊಡ್ಡಮ್ಮ ಬಟ್ಟಲು ಒರೆಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು.

"ಒಂದು ಮಾತು ಕೇಳ್ತೀನಿ ತಾಯಿ, ಬೇಜಾರು ಮಾಡ್ಕೋಬೇಡ. ನಿನ್ನ ಪೀಕದಾನಿ ಯಾವತ್ತೂ ಒಣಗಿರೋದು. ನಾನು ಇಷ್ಟು ವರ್ಷ ಏನಂದ್ಕೊಂಡಿದ್ದೆ ಗೊತ್ತಾ? ಎಷ್ಟು ಒಳ್ಳೆ ಹೆಂಗಸು, ಈ ಮುದುಕಿಗೆ ತೊಂದರೆ ಬೇಡ ಅಂತ ತಾನೇ ತೊಳೆದಿಡ್ತಾಳೆ ಅಂತ. ನನ್ನ ಸೊಸೆ ಹತ್ರ ನಿನ್ನ ಹೊಗಳಿದ್ದೇ ಹೊಗಳಿದ್ದು. ನಿನ್ನೆ ಯಜಮಾನ್ರು ನೋಡಿದ್ರಲ್ಲ, ಸಂಜೆ ತಳ್ಳೋಕೆ ಹೋದ್ರೆ ಒಳಗೆ ತಂಬಿಗೆಗಟ್ಟಲೆ ತುಳುಕಾಡ್ತಿತ್ತು. ಅಷ್ಟನ್ನ ನೀನು ಚೆಲ್ಲೋದನ್ನ ನಾನು ಒಂದಿನಾನೂ ನೋಡಿಲ್ಲ."

ನಾಲಿಗೆಯಕ್ಕ ಎದೆಯ ಮೇಲಿನ ಕೈ ತೆಗೆದಳು.

"ಒಂದು ದಿನಕ್ಕೆ ಅಷ್ಟಾಗೋದಾದ್ರೆ," ದೊಡ್ಡಮ್ಮ ಬಟ್ಟೆ ಹಿಂಡುತ್ತಾ ಹೇಳಿದಳು, "ನಿಂದೆಲ್ಲಾ ಎಲ್ಲಿಗೆ ಹೋಗ್ತಿತ್ತು?"

ಡಾಕ್ಟರು ಕೇಳದ ಪ್ರಶ್ನೆಯನ್ನು ಬಟ್ಟಲು ತೊಳೆಯುವ ಮುದುಕಿ ಕೇಳಿದ್ದಳು. ನಾಲಿಗೆಯಕ್ಕ ಮೊದಲ ಸಲ ಆ ಚಮಚಗಳನ್ನು ಮನಸ್ಸಿನಲ್ಲೇ ಒಟ್ಟಿಗೆ ಸುರಿದು ನೋಡಿದಳು. ಹತ್ತು ಚಮಚಕ್ಕೆ ಒಂದು ಸಣ್ಣ ಲೋಟವೆಂದರೂ ದಿನಕ್ಕೆ ಇಪ್ಪತ್ತನಾಲ್ಕು ಲೋಟ. ಯಾರಾದರೂ ಒಬ್ಬ ಮನುಷ್ಯ ಬರಿಹೊಟ್ಟೆಗೆ ಇಪ್ಪತ್ತನಾಲ್ಕು ಲೋಟ ಕಡುಚಹಾ ಕುಡಿಯುತ್ತಾನೆಂದು ಕೇಳಿದರೆ, ಅವನಿಗೆ ಹುಚ್ಚು ಎನ್ನುತ್ತಿದ್ದಳು. ಕಾರಣ ಗೊತ್ತಾಯಿತು. ಗೊತ್ತಾದ ಗಳಿಗೆ ಮನಸ್ಸು ಹಗುರಾಯಿತು, ಅದರ ಬೆನ್ನಿಗೇ ಇನ್ನು ಉಗುಳಬೇಕಲ್ಲ ಎಂಬ ಭಯವೂ ಬಂತು.

ಉಗುಳಿದರಾಯಿತು ಎಂದು ನೀವೂ ನಾನೂ ಸುಲಭವಾಗಿ ಹೇಳುತ್ತೇವೆ. ಮರುದಿನ ಅವಳು ಉಗುಳಲು ಹೋದಳು. ಮೊದಲ ಬಟ್ಟಲು, ಸುರ್ ಎಂದು ಎಳೆದಳು, ಬಗ್ಗಿದಳು. ತುಟಿ ತೆರೆಯಲಿಲ್ಲ. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಗಂಟಲು ತಾನಾಗಿಯೇ ಗುಟುಕ್ಕೆಂದಿತು. ಎರಡನೆಯ ಬಟ್ಟಲಿಗೂ ಹಾಗೆಯೇ. ಗುಮಾಸ್ತ ಕಾಯುತ್ತಾ ನಿಂತ. ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿಕೊಂಡಳು, ಹತ್ತೊಂಬತ್ತು ವರ್ಷದ ಗುಟ್ಟನ್ನು ಕೂಡ. ಅವನು ಮೊದಲು ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. ಬಿಸಿತುಪ್ಪದ ಗಾದೆ ನಿನ್ನನ್ನು ನೋಡಿಯೇ ಕಟ್ಟಿರಬೇಕು ಎಂದ. ಆಮೇಲೆ ಮೆಲ್ಲಗೆ ಕೇಳಿದ.

"ಯಾರಿಗೆ ಮಾತು ಕೊಟ್ಟಿದ್ದೀಯೋ ಅವರ ಹತ್ರಾನೇ ಬಿಡಿಸ್ಕೋಬೇಕು. ಯಾರಿಗೆ ಕೊಟ್ಟಿದ್ದೆ?"

"ಅಮ್ಮಂಗೆ," ಎಂದಳು ಅವಳು. "ಅಂದ್ರೆ ಅವಳಿಗೆ ಗೊತ್ತಿಲ್ಲ."

ಅವಳಿಗೆ ಆಗ ಆರು ವರ್ಷ. ಅಪ್ಪ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿ ತಿಂಗಳುಗಳೇ ಆಗಿದ್ದವು. ಅಪ್ಪ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಿದ್ದ. ಒಂದೇ ಕೋಣೆಯ ಮನೆ, ಅವಳು, ತಮ್ಮ, ಅಮ್ಮ. ಆ ದಿನ ಅಮ್ಮ ಏನೋ ಬೇರು ಬೇಯಿಸಿ ಹಾಕಿ ಗಂಜಿ ಮಾಡಿದ್ದಳು, ವಿಪರೀತ ಕಹಿ. ಒಂದು ತುತ್ತು ಬಾಯಿಗಿಟ್ಟವಳು ತಟ್ಟೆಗೇ ಉಗುಳಿಬಿಟ್ಟಳು. ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ತಟ್ಟೆ ಎತ್ತಿಕೊಂಡು ಬಾಗಿಲ ಕಡೆ ತಿರುಗಿ ಕೂತಳು. ಬೆನ್ನು ಮಾತ್ರ ಕಾಣುತ್ತಿತ್ತು. ಆದರೆ ದವಡೆ ಆಡುವುದು ಹಿಂದಿನಿಂದಲೂ ಕಾಣುತ್ತದೆ, ಕಿವಿಯ ಬುಡದಲ್ಲಿ. ತಾನು ಉಗುಳಿದ್ದನ್ನು ಅಮ್ಮ ಉಣ್ಣುತ್ತಿದ್ದಾಳೆಂದು ಮಗುವಿಗೆ ಗೊತ್ತಾಯಿತು. ಅನ್ನವನ್ನು ಉಗುಳಬಾರದೆಂದು ಬಾಯಲ್ಲಿ ಹೇಳದೆ ಮಾಡಿ ತೋರಿಸಿದಳು ಎಂದು ಆರು ವರ್ಷದ ತಲೆ ಅರ್ಥ ಮಾಡಿಕೊಂಡಿತು. ಆ ಸಂಜೆ ಹೊದಿಕೆಯೊಳಗೆ ಕೈಮುಗಿದು, ದೇವರೇ, ಅಮ್ಮನ ಮೇಲಾಣೆ, ಇನ್ನು ಯಾವತ್ತೂ ಉಗುಳುವುದಿಲ್ಲ ಎಂದು ಆಣೆ ಮಾಡಿತು. ಮಕ್ಕಳ ಆಣೆ ದೊಡ್ಡವರ ಆಣೆಯ ಹಾಗಲ್ಲ. ಮಕ್ಕಳು ಅದನ್ನು ನಿಜವಾಗಿ ಪಾಲಿಸುತ್ತಾರೆ.

ಅಮ್ಮ ಈಗ ತಮ್ಮನ ಮನೆಯಲ್ಲಿದ್ದಳು, ಎರಡು ಬಸ್ಸು ಬದಲಿಸಿದರೆ ಸಿಗುವಷ್ಟು ದೂರ. ವಾರದ ರಜೆಯ ದಿನ ನಾಲಿಗೆಯಕ್ಕ ಹೋದಾಗ ಅಮ್ಮ ಕಿಟಕಿಯ ಬಳಿ ಕೂತು ಹಳೆಯ ಸ್ವೆಟರೊಂದನ್ನು ಬಿಚ್ಚುತ್ತಿದ್ದಳು. ಮೊಮ್ಮಗ ಬೆಳೆದುಬಿಟ್ಟಿದ್ದ, ಅದೇ ಉಣ್ಣೆಯಲ್ಲಿ ಚಿಕ್ಕವಳಿಗೆ ಹೆಣೆಯಬೇಕಿತ್ತು. ಬಂದವಳನ್ನು ಹೇಗಿದ್ದೀಯ ಎಂದು ಕೇಳುವ ಮೊದಲೇ, ಕೈ ಹಿಡಿ ಎಂದಳು. ಮಗಳು ಎರಡೂ ಕೈ ಮುಂದೆ ಚಾಚಿ ಕೂತಳು. ಅಮ್ಮ ಆ ಕೈಗಳಿಗೆ ಉಣ್ಣೆಯ ಎಳೆಗಳನ್ನು ಸುತ್ತು ಸುತ್ತಾಗಿ ಹಾಕಿ, ಈ ಕಡೆಯಿಂದ ಉಂಡೆ ಸುತ್ತತೊಡಗಿದಳು. ಸೊರಗಿದ್ದೀಯ ಎಂದಳು. ನಿನ್ನ ಗಂಡ ಬಸ್ಸು ಓಡಿಸುವುದು ಬಿಟ್ಟು ನಿನ್ನನ್ನು ಓಡಿಸುತ್ತಿದ್ದಾನೇನೋ ಎಂದಳು. ಸೊಸೆಯ ಕೈರುಚಿ, ತನ್ನ ಮಂಡಿನೋವು, ಎದುರುಮನೆಯವರ ನಾಯಿ, ಎಲ್ಲ ವಿಷಯ ಬಂದು ಹೋದವು. ಉಂಡೆ ನಿಂಬೆಹಣ್ಣಿನಷ್ಟಾಯಿತು.

"ಅಮ್ಮ, ಅಪ್ಪನ ಕಾರ್ಖಾನೆ ಮುಚ್ಚಿದ್ದ ವರ್ಷ ನೆನಪಿದೆಯಾ?"

"ಮರೆಯೋಕೆ ಅದೇನು ಸಿನಿಮಾನಾ?"

"ಒಂದಿನ ನಾನು ಗಂಜಿ ಉಗುಳಿದ್ದೆ. ಕಹಿ ಅಂತ."

ಅಮ್ಮನ ಕೈ ನಿಂತಿತು.

"ನೋಡಿಬಿಟ್ಟಿದ್ಯಾ?" ಎಂದಳು. "ನೀನು ನೋಡಬಾರದು ಅಂತಾನೇ ಅತ್ತ ತಿರುಗಿ ಕೂತಿದ್ದೆ."

"ನೋಡಿದ್ದೆ. ನಂಗೆ ಪಾಠ ಕಲಿಸೋಕೆ ಹಾಗೆ ಮಾಡಿದೆ ಅಂದ್ಕೊಂಡೆ. ಅವತ್ತಿಂದ ಬಾಯಿಗೆ ಬಂದದ್ದನ್ನ ನಾನು ಉಗುಳಿಲ್ಲ."

"ಪಾಠನಾ?" ಅಮ್ಮ ಮಗಳ ಮುಖವನ್ನು ಯಾರೋ ಹೊಸಬರದೆಂಬಂತೆ ನೋಡಿದಳು. "ನಂಗೆ ಹಸಿವಾಗಿತ್ತು ಕಣೇ."

ಒಳಗೆ ಸೊಸೆ ಕುಕ್ಕರಿನ ಮುಚ್ಚಳ ತೆಗೆದ ಸದ್ದಾಯಿತು. ಅಮ್ಮ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು, ಮಗಳಿಗಲ್ಲ, ಉಂಡೆಗೆ ಹೇಳುವ ಹಾಗೆ ಹೇಳಿದಳು.

"ಮೂರು ದಿನದಿಂದ ಬರೀ ನೀರು. ನಿಮ್ಮಿಬ್ಬರಿಗೆ ಬಡಿಸಿದ್ದನ್ನ ಮುಟ್ಟೋ ಹಾಗಿಲ್ಲ ಅಂತ ನಂಗೆ ನಾನೇ ಹೇಳ್ಕೊಂಡಿದ್ದೆ. ನೀನು ಉಗುಳಿದೆ ನೋಡು, ಆ ಗಳಿಗೆ ನನ್ನ ಮನಸ್ಸು ಹಿಗ್ಗಿತು. ಇದಿನ್ನು ಮಗೂಗೆ ಬೇಡ, ನಾನು ತಿನ್ನಬಹುದು ಅಂತ. ಮಗು ಉಣ್ಣಲಿಲ್ಲ ಅಂತ ಹೆತ್ತವಳು ಹಿಗ್ಗಬಹುದಾ? ಇವತ್ತಿಗೂ ದೇವರ ಮುಂದೆ ಕೂತಾಗ ಮೊದಲು ಅದನ್ನೇ ಕೇಳ್ಕೋತೀನಿ, ತಪ್ಪಾಯ್ತು ಅಂತ. ಆಮೇಲೆ ಉಳಿದದ್ದು."

ನಾಲಿಗೆಯಕ್ಕನ ಕಣ್ಣು ತುಂಬಿ ಹರಿಯಿತು. ಎರಡೂ ಕೈಗಳಿಗೆ ಉಣ್ಣೆ ಸುತ್ತಿದ್ದರಿಂದ ಒರೆಸಿಕೊಳ್ಳುವ ಹಾಗಿರಲಿಲ್ಲ. ಅಮ್ಮನೇ ಸೆರಗಿನಿಂದ ಒರೆಸಿದಳು, ಮೂಗನ್ನೂ ಸೇರಿಸಿ, ಆರು ವರ್ಷದವಳಿಗೆ ಒರೆಸಿದಂತೆ. ನಲವತ್ತು ವರ್ಷಗಳಿಂದ ಒಂದೇ ತುತ್ತಿನ ಮುಂದೆ ಇಬ್ಬರು ಹೆಂಗಸರು ಬೇರೆ ಬೇರೆ ಮನೆಗಳಲ್ಲಿ ಕೈಮುಗಿದು ಕೂತಿದ್ದರು, ಒಬ್ಬಳು ಉಗುಳಿದ್ದಕ್ಕೆ, ಇನ್ನೊಬ್ಬಳು ಉಂಡದ್ದಕ್ಕೆ. ಆ ದಿನ ಅವರ ಮನೆಯಲ್ಲಿ ದೇವರು ಯಾರ ಕಡೆ ಇದ್ದ? ಮಗಳಿಗೆ ಈಗ ಕಂಡದ್ದು ಇಷ್ಟೇ: ಅವಳು ಉಗುಳಿರದಿದ್ದರೆ ಅಮ್ಮನ ಹೊಟ್ಟೆಗೆ ಆ ದಿನವೂ ನೀರೇ ಗತಿಯಾಗುತ್ತಿತ್ತು.

"ಹಾಗಾದ್ರೆ ನಾನು ಉಗುಳಿದ್ದು ಒಳ್ಳೇದೇ ಆಯ್ತಲ್ಲಮ್ಮ," ಎಂದಳು.

ಅಮ್ಮ ಉಂಡೆಯನ್ನು ಮಡಿಲಿನಿಂದ ಎತ್ತಿಕೊಂಡಳು. ಕೈ ಅಲ್ಲಾಡಿಸಬೇಡ, ಎಳೆ ಸಿಕ್ಕಾಗುತ್ತದೆ ಎಂದು ಮತ್ತೆ ಸುತ್ತತೊಡಗಿದಳು. ಸುತ್ತುತ್ತಲೇ ಚಹಾ ಮಂಡಿಯ ಕತೆಯನ್ನೆಲ್ಲ ಕೇಳಿಸಿಕೊಂಡಳು. ಎದೆಯುರಿ, ಇಟ್ಟಿಗೆಯ ಮಂಚ, ದೊಡ್ಡಮ್ಮ, ಇನ್ನೂರ ನಲವತ್ತು ಚಮಚ. ಮಂಚದ ಮಾತಿಗೆ ನಕ್ಕಳು. ಚಮಚದ ಮಾತು ಬಂದಾಗ ನಗು ನಿಂತಿತು.

"ನಿನಗೆ ಸಂಬಳ ಕೊಡೋದು ಉಗುಳೋಕೆ. ನೀನು ನೋಡಿದ್ರೆ ನುಂಗ್ತಾ ಕೂತಿದ್ದೀಯ. ದೇವರು ಹೊಟ್ಟೆ ಕೊಟ್ಟಿದ್ದು ಹಸಿವಿಗೆ ಕಣೇ, ಹರಕೆಗಲ್ಲ. ನನ್ನ ಹೆಸರಲ್ಲಿ ಮಾಡಿದ್ಯಲ್ಲ, ನಾನೇ ಬಿಡಿಸ್ತಿದ್ದೀನಿ. ನಾಳೆಯಿಂದ ಉಗುಳು."

ಹೊರಡುವಾಗ ಅಮ್ಮ ಗೇಟಿನವರೆಗೆ ಬಂದಳು. ಏನೋ ಹೇಳಬೇಕೆಂದು ನಿಂತಿದ್ದವಳು ಕೊನೆಗೆ ಮಗಳ ತಲೆಯ ಮೇಲೆ ಕೈಯಿಟ್ಟು, ಬಸ್ಸು ಬಂತು ಹೋಗು ಎಂದಳಷ್ಟೆ. ಬಸ್ಸು ಇನ್ನೂ ಬಂದಿರಲಿಲ್ಲ.

ಮರುದಿನದ ಮೊದಲ ಬಟ್ಟಲಿನ ಮುಂದೆ ಅವಳು ಎಂದಿನಂತೆ ಒಂದು ಕ್ಷಣ ಕಣ್ಣು ಮುಚ್ಚಿದಳು. ಎಳೆದಳು, ತಿರುಗಿಸಿದಳು, ಬಗ್ಗಿದಳು. ಗಂಟಲು ಹಳೆಯ ದಾರಿಗೆ ಎಳೆಯಿತು. ಅವಳು ತುಟಿ ತೆರೆದಳು. ನಲವತ್ತು ವರ್ಷ ಉಗುಳದ ಬಾಯಿಗೆ ಗುರಿ ಎಲ್ಲಿಂದ ಬರಬೇಕು? ಅರ್ಧ ಪೀಕದಾನಿಗೆ ಬಿತ್ತು, ಅರ್ಧ ಗುಮಾಸ್ತನ ಬೂಟಿನ ಮೇಲೆ. ಅವನು ಪಾಪ, ಇದು ಯಾವ ಬಗೆಯ ತೀರ್ಪೆಂದು ತಿಳಿಯದೆ ಪೆನ್ನು ಹಿಡಿದೇ ನಿಂತ. ನೆಲ ಒರೆಸಲು ಬಂದ ದೊಡ್ಡಮ್ಮ, ಇಷ್ಟು ದೊಡ್ಡ ಡಬ್ಬಿ ಇದೆ, ನಿನಗೆ ನೆಲವೇ ಕಾಣುವುದಾ ಎಂದು ಗೊಣಗಿದಳು. ಗೊಣಗುತ್ತಾ ಒರೆಸಿದಳು, ಒರೆಸುತ್ತಾ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಗುರಿ ನೆಟ್ಟಗಾಯಿತು. ಕೆಲವು ಸಲ ಮೈಮರೆತು ನುಂಗಿದ್ದೂ ಉಂಟು. ಸಂಜೆ ಪೀಕದಾನಿ ತಳ್ಳಿಕೊಂಡು ಹೋಗುವಾಗ ದೊಡ್ಡಮ್ಮ, ಇನ್ನು ನಿನ್ನನ್ನು ಯಾವ ಬಾಯಲ್ಲಿ ಹೊಗಳಲಿ ಎಂದು ಹೋದಳು.

ಉರಿ ಮಾತ್ರ ಗುಂಡಿ ಒತ್ತಿದರೆ ಆರುವ ದೀಪವಲ್ಲ. ಮೊದಲ ವಾರ ಏನೂ ತಿಳಿಯಲಿಲ್ಲ. ಅವಳು ಡಾಕ್ಟರ ಬಳಿ ಮತ್ತೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು. ಎಷ್ಟು ಕುಡಿಯುತ್ತೀರಿ ಎಂದು ಕೇಳಿದ್ದೆನಲ್ಲ ಎಂದರು. ಎರಡೇ ಲೋಟ ಎಂದು ಅವಳು ಈಗಲೂ ನಿಷ್ಠೆಯಿಂದ ಹೇಳಿದಳು. ಬರಿಹೊಟ್ಟೆಯಲ್ಲಿ ಹೋಗಬೇಡಿ, ಸಪ್ಪೆಯಾದದ್ದನ್ನು ಒಂದಿಷ್ಟು ತಿಂದು, ಬಾಯಿ ಮುಕ್ಕಳಿಸಿ ಹೋಗಿ, ಮಾತ್ರೆಯನ್ನು ಇನ್ನೊಂದು ತಿಂಗಳು ಬಿಡಬೇಡಿ, ಆಮೇಲೂ ಉರಿ ಉಳಿದರೆ ಕೊಳವೆ ಇಳಿಸಿ ಒಳಗೆ ನೋಡಲೇಬೇಕು ಎಂದು ಅವರು ಹೇಳಿ ಕಳಿಸಿದರು. ಮೂರನೆಯ ವಾರದ ಒಂದು ದಿನ ಅವಳು ಚಪ್ಪಲಿಯ ಪಟ್ಟಿ ಹಾಕಿಕೊಂಡು, ಎದ್ದು, ಬಾಗಿಲು ದಾಟಿ, ಬೀದಿಯ ತಿರುವಿನವರೆಗೆ ಹೋದ ಮೇಲೆ, ತಾನು ಬಗ್ಗಿದ್ದೆ ಎಂಬುದು ಅವಳ ನೆನಪಿಗೆ ಬಂತು. ಬಗ್ಗಿದ್ದಳು, ಏನೂ ಆಗಿರಲಿಲ್ಲ. ಆರೋಗ್ಯವೆಂಬುದು ಬರುವಾಗ ಬಾಗಿಲು ತಟ್ಟುವುದಿಲ್ಲ. ಅವಳು ಅಲ್ಲೇ ಬೀದಿಯಲ್ಲಿ ನಿಂತು ಮನಸ್ಸಿನಲ್ಲೇ ಕೈಮುಗಿದಳು.

ಹೊಸ ಚಿಗುರಿನ ದಿನ ಬಂತು. ಕಟ್ಟೆಯ ಮೇಲೆ ನೂರ ಇಪ್ಪತ್ತು ಬಟ್ಟಲು. ಅವಳು ಮುಂದೆ, ಹತ್ತು ಬಟ್ಟಲು ಹಿಂದೆ ಯಜಮಾನರು, ಇಬ್ಬರಿಗೂ ಬೇರೆ ಬೇರೆ ಗುಮಾಸ್ತರು. ಕೋಣೆಯಲ್ಲಿ ಸುರ್ ಎನ್ನುವ ಸದ್ದು, ಗಾಲಿಗಳ ಕಿರುಗುಟ್ಟುವಿಕೆ, ತಗಡಿಗೆ ಬಿದ್ದ ಹನಿಗಳ ಸದ್ದು. ಚುರುಕು ಎಂದಳು. ತುಂಬು ಎಂದಳು. ಹೊಗೆ ತಾಗಿದೆ ಎಂದಳು. ನಲವತ್ತೊಂದನೆಯ ಬಟ್ಟಲಿಗೆ ಬಂದವಳು ಎಳೆದು, ಉಗುಳಿ, ಹಾಗೆಯೇ ನಿಂತಳು.

ಹುಳಿ.

ಗುಮಾಸ್ತ ಪೆನ್ನು ಎತ್ತಿ ಕಾಯುತ್ತಿದ್ದ. ಆ ಡಬ್ಬಿಯ ಮೇಲಿದ್ದದ್ದು ದೊಡ್ಡ ತೋಟದ ಗುರುತು, ಎಂದೂ ಕೆಟ್ಟ ಹೆಸರು ಪಡೆಯದ್ದು. ಹುಳಿ ಎನ್ನುವುದಕ್ಕೆ ಒಂದು ಉಸಿರು ಸಾಕು, ಲೆಕ್ಕದ ಕೋಣೆಯ ಕುರ್ಚಿಗೂ ಅಷ್ಟೇ ದೂರ. ಸುಮ್ಮನೆ ಚು ಎಂದು ಶುರು ಮಾಡಿ ಚುರುಕು ಎಂದುಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಅವಳು ಬಿಸಿನೀರಿನಿಂದ ಬಾಯಿ ಮುಕ್ಕಳಿಸಿದಳು. ಕಣ್ಣು ಮುಚ್ಚಿ ತನ್ನ ಗಂಟಲನ್ನು ಕೇಳಿದಳು, ಎದೆಯನ್ನು ಕೇಳಿದಳು, ಹೊಟ್ಟೆಯನ್ನು ಕೇಳಿದಳು. ಎರಡು ವರ್ಷ ಬಿಡದೆ ಮಾತನಾಡಿದ ಮನೆ ನಿಶ್ಶಬ್ದವಾಗಿತ್ತು. ಇನ್ನೊಂದು ಚಮಚ ಎಳೆದು ಉಗುಳಿದಳು.

"ಹುಳಿ," ಎಂದಳು. "ಬರ್ಕೊಳ್ಳಿ."

ಪೆನ್ನು ಒಂದು ಗಳಿಗೆ ಹಿಂಜರಿದು, ಬರೆಯಿತು. ಹತ್ತು ಬಟ್ಟಲು ಹಿಂದಿದ್ದ ಯಜಮಾನರಿಗೆ ಆ ಮಾತು ಕೇಳಿಸಿತ್ತು. ಅವರು ತಮ್ಮ ಸರದಿ ಬಿಟ್ಟು ನೇರವಾಗಿ ಬಂದರು. ನಲವತ್ತೊಂದರಲ್ಲಿ ಚಮಚ ಅದ್ದಿದರು, ಎಳೆದರು, ಬಾಯೊಳಗೆ ತಿರುಗಿಸುತ್ತಾ ಕಿಟಕಿಯ ಕಡೆ ನೋಡಿದರು. ಉಗುಳಿದರು. ಬಸಿದುಳಿದ ಎಲೆಯನ್ನು ಮುಚ್ಚಳದ ಮೇಲೆ ಸುರಿದು, ಬೆರಳಲ್ಲಿ ಬಿಡಿಸಿ, ಮೂಗಿಗೆ ಹಿಡಿದರು. ಮತ್ತೊಮ್ಮೆ ಎಳೆದರು. ಅವರ ಮುಖದಲ್ಲಿ ಏನೂ ಓದಲಾಗುತ್ತಿರಲಿಲ್ಲ. ನಲವತ್ತು ವರ್ಷ ಅದನ್ನೇ ಕಲಿತ ಮುಖ ಅದು.

"ಹುಳೀನೇ. ಎಲೆ ಹುದುಗು ಬರೋಕೆ ಬಿಟ್ಟು ಮರೆತಿದ್ದಾರೆ," ಎಂದರು ಕೊನೆಗೆ. "ಅರ್ಧ ಗಂಟೆ ಜಾಸ್ತಿ. ನಂಗೆ ಎರಡನೇ ಸಲಕ್ಕೆ ಸಿಕ್ತು."

ಅಷ್ಟು ಹೇಳಿ ತಮ್ಮ ಗುಮಾಸ್ತನ ಕೈಯಿಂದ ಹಾಳೆ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಜೇಬಿಗಿಟ್ಟುಕೊಂಡರು. ಉಳಿದ ಸಾಲನ್ನು ಅವಳಿಗೇ ಬಿಟ್ಟು ತಮ್ಮ ಕೋಣೆಗೆ ನಡೆದರು. ನಾಲಿಗೆಯಕ್ಕ ಚಮಚ ತೊಳೆದು, ಪೀಕದಾನಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿಕೊಂಡು, ನಲವತ್ತೆರಡನೆಯ ಬಟ್ಟಲಿನ ಕಡೆ ಸರಿದಳು.